ಸಂಜೆಗೆ ಮನೆ ಸೇರುವ ಪ್ರಯಾಣ

ಕಾಶಿಗೆ ಹೊರಡುವವನು ತಿಂಗಳುಗಟ್ಟಲೆ ಮುಂಚಿತವಾಗಿ ಸಿದ್ಧತೆ ಮಾಡಿಕೊಳ್ಳುತ್ತಾನೆ. ಬೆಳಗ್ಗೆ ಹೊರಟು ಸಂಜೆಗೆ ಮನೆ ಸೇರುವವನು ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾನೆ. ಒಂದು ದಿನದ ಪ್ರಯಾಣಕ್ಕೆ ಆಲೋಚನೆಯೇಕೆ ಎಂಬುದು ಲೋಕದ ಎಣಿಕೆ. ನಮಗಾದರೋ, ಆಲೋಚಿಸಿ ಏರ್ಪಾಡು ಮಾಡುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲವೆಂಬ ಜಂಭವಿದ್ದಿತು. 2025ರ ಜೂನ್ ತಿಂಗಳಿನಲ್ಲಿ ಐರ್ಲೆಂಡ್ ದೇಶದ ಒಂದು ಹಳ್ಳಿಯಲ್ಲಿ ಆ ಜಂಭವು ಇಳಿದ ಬಗೆಯನ್ನು ವಾಚಕರ ಮುಂದಿಡಬೇಕೆಂಬುದೇ ಈ ಬರಹದ ಉದ್ದೇಶ.

ನಮ್ಮ ಮಗನು ಡಬ್ಲಿನ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಅರುವತ್ತು ತುಂಬಿ ಪಾಠಶಾಲೆಯಿಂದ ನಿವೃತ್ತರಾದ ನಾವು ನಮ್ಮಾಕೆಯೊಡನೆ ಅವನಲ್ಲಿಗೆ ಹೋದಾಗ, ಅವನು ಒಂದು ವಾರದ ರಜೆ ಪಡೆದು, ಪಶ್ಚಿಮ ತೀರದ ಕ್ಲೇರ್ ಸೀಮೆಯಲ್ಲಿ ಕೊರೊಫಿನ್ ಎಂಬ ಹಳ್ಳಿಯ ಬಳಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದನು. ಅಲ್ಲಿ ಬಿಡಾರ ಹೂಡಿ ದಿನಕ್ಕೊಂದು ದಿಕ್ಕಿಗೆ ಮೋಟಾರಿನಲ್ಲಿ ಹೋಗಿಬರುವುದೆಂದು ನಿಶ್ಚಯವಾಯಿತು. ಮಗ, ಸೊಸೆ, ಐದು ವರ್ಷದ ಮೊಮ್ಮಗಳು, ನಾವಿಬ್ಬರು. ಒಟ್ಟು ಐದು ಜನ. “ಎಲ್ಲಿಗೆ ಹೋಗಬೇಕೆಂಬುದನ್ನು ನೀವೇ ಗೊತ್ತುಮಾಡಿ, ಅಪ್ಪ” ಎಂದು ಮಗನು ನಕ್ಷೆಯನ್ನು ನಮ್ಮ ಕೈಗೆ ಕೊಟ್ಟನು.

ನಮ್ಮಾಕೆ ಕೇಳಿದುದು ಒಂದೇ ಒಂದು: “ಯಾವತ್ತಾದರೂ ಒಂದು ದಿನ ಸಮುದ್ರದ ದಡದಲ್ಲಿ ಕೂತು ಬುತ್ತಿ ಉಣ್ಣೋಣ, ರೀ.” ಅದನ್ನು ನಾವು ಪಟ್ಟಿಯ ಕೊನೆಯಲ್ಲಿ ಬರೆದುಕೊಂಡೆವು. ನೋಡಬೇಕಾದ ಸ್ಥಳಗಳು ಮೊದಲು, ಉಣ್ಣುವುದು ಆಮೇಲೆ ಎಂಬುದು ನಮ್ಮ ಹಳೆಯ ನಿಯಮ. ಮೂವತ್ತು ವರ್ಷ, ವರ್ಷಕ್ಕೊಂದಾವರ್ತಿ, ಹುಡುಗರನ್ನು ಬಸ್ಸಿನಲ್ಲಿ ತುಂಬಿಕೊಂಡು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ತೋರಿಸಿ ಕರೆತಂದವರು ನಾವು. ಆ ದಿನಗಳಲ್ಲಿ ಮೂರು ಗಂಟೆಗೆ ಎದ್ದು ಬುತ್ತಿ ಕಟ್ಟಿಕೊಡುತ್ತಿದ್ದವಳು ಈಕೆಯೇ.

ನಕ್ಷೆಯನ್ನು ಮೇಜಿನ ಮೇಲೆ ಹರಡಿ ಕುಳಿತೆವು. ಉತ್ತರಕ್ಕೆ ಗಾಲ್ವೇ ನಗರ. ಅಲ್ಲಿಂದ ಪಶ್ಚಿಮಕ್ಕೆ ಕಾನೆಮಾರಾ ಎಂಬ ಬೆಟ್ಟ ಸರೋವರಗಳ ಸೀಮೆ. ಅದರ ಕೊನೆಗೆ ಕ್ಲಿಫ್ಡೆನ್ ಪಟ್ಟಣ. ಅದರಾಚೆ ಕೈಲ್‌ಮೋರ್ ಮಠ. ಹೋಗಿಬರುವ ದಾರಿ ಒಟ್ಟು ಸುಮಾರು 300 ಕಿಲೋಮೀಟರ್. ಗಂಟೆಗೆ 60ರಂತೆ ಐದು ಗಂಟೆ. ಜೂನ್ ತಿಂಗಳಿನಲ್ಲಿ ಅಲ್ಲಿ ಸೂರ್ಯನು ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಹೀಗಿರುವಲ್ಲಿ ಅಡ್ಡಿಯೇನು? ನಾವು ಓದಿದುದು ಸಂಸ್ಕೃತವಾದರೂ ಪಾಠಶಾಲೆಯಲ್ಲಿ ಗಣಿತವನ್ನೂ ಹೇಳಿಕೊಟ್ಟವರು. ಇಂತಹ ಲೆಕ್ಕಗಳನ್ನು ಸಾವಿರಗಟ್ಟಲೆ ಕೊಟ್ಟಿದ್ದೇವೆ. ಆದರೆ ನಮ್ಮ ಲೆಕ್ಕದ ಮೋಟಾರಿಗೆ ಎದುರಾಗಿ ಕುರಿಮಂದೆ ಬಂದುದಿಲ್ಲ. ಅದರೊಳಗೆ ಕುಳಿತ ಮಗುವಿಗೆ ಹಸಿವಾದುದೂ ಇಲ್ಲ.

ಮರುದಿನ ಇವೆಲ್ಲವೂ ಆದುವು. ಗಾಲ್ವೇ ನಗರದ ಗಾಡಿಗಳ ಸಾಲಿನಲ್ಲಿ ಬಹಳ ಹೊತ್ತು ನಿಂತೆವು. ಕಾನೆಮಾರಾ ಸೀಮೆಯ ದಾರಿಯಲ್ಲಿ ಒಂದು ಟ್ರ್ಯಾಕ್ಟರು ನಮ್ಮ ಮುಂದೆ ಸಾವಕಾಶವಾಗಿ ಸಾಗುತ್ತಿದ್ದಿತು. ತಿರುವಿನ ಮೇಲೆ ತಿರುವು ಬರುತ್ತಿದ್ದುದರಿಂದ ಅದನ್ನು ದಾಟುವ ಹಾಗಿರಲಿಲ್ಲ. ಮೊಮ್ಮಗಳಿಗೆ ಎರಡು ಸಲ ವಾಂತಿಯಾಯಿತು. “ಎಲ್ಲಾದರೂ ನಿಲ್ಲಿಸೋಣವೇ?” ಎಂದು ಸೊಸೆ ಕೇಳಿದಾಗಲೆಲ್ಲ ನಾವು ಗಡಿಯಾರ ನೋಡಿ, “ಮುಂದಿನ ಊರಿನಲ್ಲಿ” ಎಂದೆವು. ಅಂತೂ ಕೈಲ್‌ಮೋರ್ ತಲಪಿದೆವು. ಮಿಚೆಲ್ ಹೆನ್ರಿ ಎಂಬ ಧನಿಕನು 1860ರ ದಶಕದಲ್ಲಿ ತನ್ನ ಪತ್ನಿ ಮಾರ್ಗರೆಟ್‌ಳಿಗಾಗಿ ಸರೋವರದ ದಡದಲ್ಲಿ ಕಟ್ಟಿಸತೊಡಗಿದ ಅರಮನೆಯದು. ಆಕೆ 1874ರಲ್ಲಿ ತೀರಿಕೊಂಡಳು. 1920ರಲ್ಲಿ ಬೆನೆಡಿಕ್ಟೀನ್ ಸಂನ್ಯಾಸಿನಿಯರು ಅಲ್ಲಿ ನೆಲಸಿದ ಮೇಲೆ ಅದು ಮಠವಾಯಿತು. ಹೆಂಡತಿಗಾಗಿ ಕಟ್ಟಿಸಿದ ಮನೆಯನ್ನು ನೋಡುವುದಕ್ಕೆ ನಮ್ಮ ಹೆಂಡತಿಗೆ ನಾವು ಕೊಟ್ಟ ಅವಧಿ ಇಪ್ಪತ್ತು ನಿಮಿಷ.

ಮನೆ ಸೇರಿದಾಗ ರಾತ್ರಿ ಹತ್ತೂವರೆ. ಮಗನು ಮಾತನಾಡದೆ ಕೋಣೆಗೆ ಹೋದನು. ನಮ್ಮಾಕೆ ಬುತ್ತಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಊರಿನಿಂದ ತಂದ ಗೊಜ್ಜಿನಲ್ಲಿ ಬೆಳಗ್ಗೆ ಕಲಸಿದ ಪುಳಿಯೋಗರೆ ಹಾಗೆಯೇ ಇದ್ದಿತು. ಮುಚ್ಚಳವನ್ನು ಯಾರೂ ತೆರೆದಿರಲಿಲ್ಲ. “ದಿನವೆಲ್ಲ ಎಷ್ಟು ಸ್ಥಳ ನೋಡಿದೆವು!” ಎಂದೆವು ನಾವು, ಸಮಾಧಾನಕ್ಕೆ. “ನೀವು ನೋಡಿದಿರಿ. ನಾನು ಹಿಂದೆ ಕೂತು ನಿಮ್ಮ ತಲೆ ನೋಡಿದೆ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಬೇಲೂರಿಗೂ ಹೀಗೆಯೇ ಹೋಗಿಬರುತ್ತಿದ್ದಿರೇನು? ನಾನು ಕಂಡವಳಲ್ಲ” ಎಂದಳು. ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ ಹಾಗಿದ್ದಿತು. ಊರಿನ ಮಕ್ಕಳಿಗೆಲ್ಲ ಬೇಲೂರು ತೋರಿಸಿದ ನಾವು ಈಕೆಗೆ ಒಂದು ಸಲವೂ ತೋರಿಸಿರಲಿಲ್ಲ. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಬೆಳಗಾಗುತ್ತಲೇ ನಕ್ಷೆಯನ್ನು ಆಕೆಯ ಮುಂದಿಟ್ಟು, “ಇನ್ನು ಮೇಲೆ ನೀನೇ ಗೊತ್ತುಮಾಡು” ಎಂದೆವು. ಆಕೆ ನಕ್ಷೆಯನ್ನು ನೋಡಲೇ ಇಲ್ಲ. ಮಗನನ್ನು ಕರೆದು, “ದಿನಕ್ಕೆ ಎಷ್ಟು ಹೊತ್ತು ಓಡಿಸಿದರೆ ನಿನಗೆ ಬೆನ್ನು ನೋಯುವುದಿಲ್ಲ?” ಎಂದು ಕೇಳಿದಳು. “ಎರಡು, ಹೆಚ್ಚೆಂದರೆ ಮೂರು ಗಂಟೆ” ಎಂದನು. ಅಲ್ಲಿಂದ ಲೆಕ್ಕ ಪ್ರಾರಂಭವಾಯಿತು. ಸ್ಥಳಗಳನ್ನು ಎಣಿಸಿ ಹೊತ್ತನ್ನು ಹಂಚುವುದು ನಮ್ಮ ಕ್ರಮ. ಜನರ ಶಕ್ತಿಯನ್ನು ಅಳೆದು ಸ್ಥಳವನ್ನು ಆರಿಸುವುದು ಆಕೆಯ ಕ್ರಮ. ಎಷ್ಟು ಜನ ಉಣ್ಣುವರೆಂದು ಕೇಳಿಕೊಂಡ ಮೇಲೆಯೇ ಗೃಹಿಣಿ ಅಕ್ಕಿ ಅಳೆಯುವಳಷ್ಟೆ!

ಆ ಸೀಮೆಯ ದಾರಿಗಳ ಸ್ವಭಾವವನ್ನೂ ಇಲ್ಲಿ ಹೇಳಬೇಕು. ಅಲ್ಲಿಯೂ ನಮ್ಮಲ್ಲಿಯಂತೆ ರಸ್ತೆಯ ಎಡಕ್ಕೇ ಓಡಿಸುತ್ತಾರೆ, ಅದೊಂದು ಅನುಕೂಲ. ಆದರೆ ಹಳ್ಳಿಯ ಕಿರುದಾರಿಗಳಲ್ಲಿ ಎರಡು ಪಕ್ಕಕ್ಕೂ ಕಲ್ಲುಗೋಡೆ. ನಡುವೆ ಒಂದೇ ಗಾಡಿಗೆ ಎಡೆ. ಎದುರಿಗೆ ಮತ್ತೊಂದು ಬಂದರೆ ಇಬ್ಬರಲ್ಲೊಬ್ಬರು ಅಗಲವಾದ ಎಡೆಯವರೆಗೆ ಹಿಂದಕ್ಕೆ ಸರಿಯಬೇಕು. ಸರಿದವನಿಗೆ ಇನ್ನೊಬ್ಬನು ಹಿಡಿಚಕ್ರದ ಮೇಲಿನಿಂದ ಒಂದು ಬೆರಳೆತ್ತಿ ವಂದಿಸುತ್ತಾನೆ. 2025ರ ಫೆಬ್ರವರಿಯಿಂದ ಹಳ್ಳಿಗಾಡಿನ ಸ್ಥಳೀಯ ರಸ್ತೆಗಳ ಸಾಮಾನ್ಯ ವೇಗಮಿತಿಯನ್ನು ಗಂಟೆಗೆ 80ರಿಂದ 60 ಕಿಲೋಮೀಟರಿಗೆ ಇಳಿಸಿದ್ದಾರೆ. ಅದು ಮೀರಬಾರದ ಮಿತಿಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ. ತಿರುವುಗಳಲ್ಲಿ 40ನ್ನು ಮುಟ್ಟಿದರೆ ಹೆಚ್ಚು. ಐರಿಷ್ ಭಾಷೆಯಲ್ಲಿ ರಸ್ತೆಗೆ ‘ಬೋಹರ್’ ಎಂದು ಹೆಸರು. ‘ಬೋ’ ಎಂದರೆ ಹಸು. ಆ ‘ಬೋ’ ಶಬ್ದವೂ ನಮ್ಮ ಸಂಸ್ಕೃತದ ‘ಗೋ’ ಶಬ್ದವೂ ಒಂದೇ ಮೂಲದಿಂದ ಹುಟ್ಟಿದ ಸೋದರಶಬ್ದಗಳೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಹಸುವಿಗೆಂದು ಹುಟ್ಟಿದ ದಾರಿಯಲ್ಲಿ ಹಸುವಿನ ನಡಿಗೆಯೇ ಯುಕ್ತವೆಂಬುದನ್ನು ಸಂಸ್ಕೃತ ಪಂಡಿತರೆನಿಸಿಕೊಂಡ ನಾವು ಮೊದಲೇ ತಿಳಿಯಬೇಕಾಗಿದ್ದಿತು.

ಎರಡನೆಯ ದಿನದ ದಾರಿ ಎಂಬತ್ತು ಕಿಲೋಮೀಟರಿನ ಆಸುಪಾಸು. ಹೋದ ದಾರಿಯಲ್ಲಿ ಹಿಂದಿರುಗದೆ ಬಳೆಯಂತೆ ಸುತ್ತಿ ಮನೆ ಸೇರುವುದು. ಕೊರೊಫಿನ್‌ನಿಂದ ಲೆಮನೇ ಎಂಬ ಪಾಳುಕೋಟೆಯ ಬಳಿ ಉತ್ತರಕ್ಕೆ ತಿರುಗಿದರೆ ಬರೆನ್ ಎಂಬ ಸುಣ್ಣಕಲ್ಲಿನ ಸೀಮೆ. ಹೆಸರಿನ ಅರ್ಥವೇ ಕಲ್ಲುನೆಲ. ಕಣ್ಣು ಹರಿಯುವವರೆಗೆ ಬೂದುಬಣ್ಣದ ಬಂಡೆ. ಬಂಡೆಯ ಬಿರುಕುಗಳಲ್ಲಿ ಹೂವು. ಧ್ರುವಸೀಮೆಯ ಗಿಡಗಳೂ ಮೆಡಿಟರೇನಿಯನ್ ತೀರದ ಗಿಡಗಳೂ ಅಲ್ಲಿ ಒಂದೇ ಬಿರುಕಿನ ನೆರೆಹೊರೆಯಲ್ಲಿ ಬೆಳೆಯುತ್ತವೆ. ಅದರ ನಡುವೆ ಪೂಲ್ನಬ್ರೋನ್ ಎಂಬ ಕಲ್ಗೋರಿ: ನಿಂತ ಚಪ್ಪಡಿಗಳ ಮೇಲೊಂದು ಓರೆಯಾದ ಚಪ್ಪಡಿ. ಐದೂವರೆ ಸಾವಿರ ವರ್ಷಗಳಿಗಿಂತಲೂ ಹಿಂದಿನದು. 1980ರ ದಶಕದಲ್ಲಿ ಅಗೆದು ನೋಡಿದಾಗ ಮೂವತ್ತಕ್ಕೂ ಹೆಚ್ಚು ಮಂದಿಯ ಅಸ್ಥಿಗಳು ದೊರೆತುವು. ನಮ್ಮ ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ಕಲ್ಮನೆಗಳನ್ನು ಕಂಡವರಿಗೆ ಅದು ಅಪರಿಚಿತವೆನಿಸದು. ಮೊಮ್ಮಗಳು ಬಂಡೆಯಿಂದ ಬಂಡೆಗೆ ಕುಪ್ಪಳಿಸುತ್ತಿದ್ದಳು. ನಾವು ಗಡಿಯಾರವನ್ನು ಜೇಬಿನಲ್ಲಿಟ್ಟಿದ್ದೆವು.

ಬಲಿವಾನ್ ಎಂಬ ಕಡಲಂಚಿನ ಹಳ್ಳಿಯನ್ನು ದಾಟಿ, ಬ್ಲ್ಯಾಕ್ ಹೆಡ್ ಎಂಬ ಮುಂಚಾಚಿದ ಬೆಟ್ಟವನ್ನು ಬಳಸಿ, ಫನೋರ್ ಎಂಬಲ್ಲಿ ಮರಳದಂಡೆಗೆ ಬಂದೆವು. ಮಂಜು ಕವಿದಿದ್ದಿತು, ಗಾಳಿಯೂ ತಣ್ಣಗಿದ್ದಿತು. ಕಂಬಳಿ ಹಾಸಿ ನಮ್ಮಾಕೆ ಡಬ್ಬಿಯ ಮುಚ್ಚಳ ತೆರೆದಳು. ಉಣ್ಣುತ್ತಿರುವಾಗಲೇ ಮಂಜು ಸರಿದು, ದೂರದಲ್ಲಿ ಅರಾನ್ ದ್ವೀಪಗಳು ಕಾಣಿಸಿಕೊಂಡುವು. ಆಕೆ ಎರಡು ಗಂಟೆ ಹೊತ್ತು ಅಲ್ಲಿಂದ ಏಳಲಿಲ್ಲ. ನಾವೂ ಏಳೆಂದು ಹೇಳಲಿಲ್ಲ. ಹಿಂದಿರುಗುವಾಗ ಮಗನು ಆಕೆಯನ್ನು ಮುಂದಿನ ಆಸನದಲ್ಲಿ ಕೂರಿಸಿದನು. ಹಿಂದೆ ಕುಳಿತ ನಮಗೆ ಆಕೆಯ ತುರುಬು ಕಾಣುತ್ತಿದ್ದಿತು. ಸಂಜೆ ಆರಕ್ಕೆ ಮನೆಯಲ್ಲಿದ್ದೆವು.

ಉಳಿದ ದಿನಗಳಿಗೂ ಆಕೆಯ ಕಟ್ಟಳೆಯೇ ಆಯಿತು. ಅಂತಹ ಪ್ರಯಾಣ ಮಾಡುವವರಿಗೆ ಉಪಯೋಗವಾದೀತೆಂದು ಬರೆಯುತ್ತೇವೆ. ದಿನಕ್ಕೊಂದೇ ಮುಖ್ಯ ಸ್ಥಳ. ಬೇಕಾದರೆ ದಾರಿಯಲ್ಲಿ ಮತ್ತೊಂದು ಚಿಕ್ಕದು. ದೂರದ ಸ್ಥಳವನ್ನು ಮಧ್ಯಾಹ್ನದೊಳಗೆ ಸೇರಿ, ಮನೆಯ ಕಡೆಗೆ ಬರುತ್ತ ಬರುತ್ತ ಉಳಿದುದನ್ನು ನೋಡಬೇಕು. ಹಿಂದಿನ ಸಂಜೆಯೇ ಪೆಟ್ರೋಲು ತುಂಬಿಸಬೇಕು. ಬರೆನ್ ಒಳಗೆ ಪಂಪುಗಳು ವಿರಳ. ನಕ್ಷೆ ಹೇಳುವ ಹೊತ್ತಿಗೆ ಅದರ ಅರ್ಧವನ್ನು ಸೇರಿಸಿಕೊಳ್ಳಬೇಕು. ಬೇಸಗೆಯ ದೀರ್ಘವಾದ ಬೆಳಕನ್ನು ನಂಬಿ ಮೋಸಹೋಗಬಾರದು; ಸೂರ್ಯನು ದಣಿಯದಿದ್ದರೂ ಮಕ್ಕಳು ದಣಿಯುತ್ತಾರೆ. ಡಿಸೆಂಬರಿನಲ್ಲಾದರೋ ನಾಲ್ಕೂವರೆಯೊಳಗೆ ಸೂರ್ಯಾಸ್ತ. ಮಳೆಗೆಂದು ಒಂದು ದಿನವನ್ನು ಮೀಸಲಿಡಬೇಕು. ನಾವು ಹಾಗೆ ಮೀಸಲಿಟ್ಟ ದಿನ ಮಳೆ ಬಂದೇ ಬಂದಿತು. ಹತ್ತಿರದ ಕಿಲ್‌ಫೆನೋರಾ ಗ್ರಾಮದ ಹಳೆಯ ದೇವಾಲಯದಲ್ಲಿ ಗಾಜಿನ ಮಾಡಿನ ಕೆಳಗಿರುವ ಶಿಲಾಶಿಲುಬೆಗಳನ್ನು ನೋಡಿ ಬಂದೆವು. 214 ಮೀಟರಿನವರೆಗೆ ಎತ್ತರವಿರುವ ಮೋಹರ್ ಕಡಲಬಂಡೆಗಳಿಗೆ ಒಂದು ಇಡೀ ದಿನವನ್ನು ಕೊಟ್ಟೆವು. ಪಟ್ಟಿಯಲ್ಲಿದ್ದ ಹತ್ತು ಸ್ಥಳಗಳನ್ನು ಹೊಡೆದುಹಾಕಿದೆವು. ಅವುಗಳಿಗಾಗಿ ಈವರೆಗೆ ಯಾರೂ ಮರುಗಿದುದಿಲ್ಲ.

ಊರಿಗೆ ಬಂದ ಮೇಲೆ ಒಂದು ಭಾನುವಾರ ಆಕೆಯನ್ನು ಬೇಲೂರಿಗೆ ಕರೆದುಕೊಂಡು ಹೋದೆವು. ಚೆನ್ನಕೇಶವನ ಗುಡಿಯ ಹೊರಗೋಡೆಯನ್ನು ಒಂದೊಂದೇ ಹೆಜ್ಜೆ ಇಟ್ಟು ಸುತ್ತಿದಳು. ಮಧ್ಯಾಹ್ನ ಕಳೆಯಿತು. ನಮ್ಮ ಹಳೆಯ ಅಭ್ಯಾಸವು ತಡೆಯದೆ, “ಹಳೇಬೀಡು ಇಲ್ಲಿಂದ ಹದಿನಾರೇ ಕಿಲೋಮೀಟರ್...” ಎಂದು ಬಾಯಿ ತೆರೆದೆವು.

“ಅದು ಇನ್ನೊಂದು ದಿನಕ್ಕಿರಲಿ” ಎಂದು ಆಕೆ ಬುತ್ತಿ ಬಿಚ್ಚಿದಳು.