ಏರೆವಾನಿನ ನೆನಪಿನ ಗೋಡೆ

ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ, ಬೆಟ್ಟಗಳ ಮಡಿಲಲ್ಲಿ, ಅರ್ಮೇನಿಯವೆಂಬ ಪುಟ್ಟ ದೇಶವಿದೆ. ಅದರ ರಾಜಧಾನಿ ಏರೆವಾನ್. ಕ್ರಿಸ್ತಪೂರ್ವ 782ರಲ್ಲಿ ಕಟ್ಟಿದ ಎರೆಬುನಿ ಎಂಬ ಕೋಟೆಯಿಂದ ಊರಿಗೆ ಈ ಹೆಸರು ಬಂದಿತೆಂದು ಬಲ್ಲವರು ಹೇಳುವರು. ಅಲ್ಲಿನ ದೊಡ್ಡ ಕಟ್ಟಡಗಳಿಗೆಲ್ಲ ಜ್ವಾಲಾಮುಖಿಯ ಬೂದಿಯಿಂದಾದ ನಸುಗೆಂಪು ಕಲ್ಲನ್ನೇ ಬಳಸಿರುವುದರಿಂದ, ಬಿಸಿಲು ಬಿದ್ದಾಗ ಬೀದಿಗಳು ಹೂವಿನ ಬಣ್ಣ ತಳೆಯುವುವು. ದಕ್ಷಿಣಕ್ಕೆ ತಿರುಗಿದರೆ ಹಿಮದ ಮುಡಿ ಹೊತ್ತ ಅರಾರತ್ ಪರ್ವತ. ನಮಗೆ ಕೈಲಾಸವೆಂತೋ ಅರ್ಮೇನಿಯನ್ನರಿಗೆ ಅದು ಅಂತು. ಆದರೆ ಅದಿರುವುದು ಗಡಿಯಾಚೆ, ತುರ್ಕಿಯ ನೆಲದಲ್ಲಿ. ಕಣ್ಣಿಗೆ ನಿತ್ಯವೂ ಕಾಣುವುದು, ಕಾಲಿಗೆ ಎಟುಕದು.

ಈ ಜನರು ನಮಗೆ ತೀರ ಅಪರಿಚಿತರಲ್ಲ. ಈಗ ಚೆನ್ನೈ ಎನಿಸಿಕೊಂಡಿರುವ ಮದರಾಸಿನ ಅರ್ಮೇನಿಯನ್ ಬೀದಿಯಲ್ಲಿ 1772ರಲ್ಲಿ ಕಟ್ಟಿದ ಅವರ ಇಗರ್ಜಿ ಇಂದಿಗೂ ನಿಂತಿದೆ. ಪ್ರಪಂಚದಲ್ಲಿಯೇ ಮೊದಲನೆಯ ಅರ್ಮೇನಿಯನ್ ಪತ್ರಿಕೆಯಾದ ‘ಅಜ್ದರಾರ್’ 1794ರಲ್ಲಿ ಅಚ್ಚಾದುದು ಆ ಮದರಾಸಿನಲ್ಲಿಯೇ. ವ್ಯಾಪಾರಕ್ಕಾಗಿ ಅಷ್ಟು ದೂರ ಬಂದು ನೆಲಸಿದ ಈ ಜನಾಂಗದ ತವರಿನಲ್ಲಿ 1915ರಲ್ಲಿ ನಡೆದುದೇನೆಂಬುದನ್ನು ಏರೆವಾನಿನ ಒಂದು ಗುಡ್ಡವು ಹೇಳುತ್ತದೆ.

ಗುಡ್ಡದ ಹೆಸರು ತ್ಸಿತ್ಸೆರ್ನಕಬೆರ್ದ್. ಉಚ್ಚಾರಣೆ ನಮ್ಮ ನಾಲಗೆಗೆ ಕಠಿಣವಾದರೂ ಅರ್ಥವು ಸೊಗಸಾದುದು: ಕವಲುಬಾಲದ ಪುಟ್ಟ ವಲಸೆ ಹಕ್ಕಿಯ ಕೋಟೆ ಎಂದು. ಕೆಳಗೆ ಹ್ರಜ್ದಾನ್ ನದಿಯ ಆಳವಾದ ಕಣಿವೆ. ಮೇಲೆ 44 ಮೀಟರು ಎತ್ತರದ, ಚೂಪಾದ, ಸೀಳಿದಂತೆ ಎರಡಾದ ಒಂದು ಕಲ್ಲಿನ ಕಂಬ. ಅದರ ಪಕ್ಕದಲ್ಲಿ 12 ಭಾರಿ ಚಪ್ಪಡಿಗಳು ವರ್ತುಲವಾಗಿ ನಿಂತು ಒಳಗಡೆಗೆ ಬಾಗಿವೆ. ಮೆಟ್ಟಲಿಳಿದು ನಡುವಿನ ತಗ್ಗಿಗೆ ಹೋದರೆ ಅಲ್ಲೊಂದು ಆರದ ಜ್ಯೋತಿ. ಗೋಪುರವಿಲ್ಲ, ವಿಗ್ರಹವಿಲ್ಲ, ಮಂಟಪಕ್ಕೆ ಮೇಲ್ಛಾವಣಿಯೂ ಇಲ್ಲ. ಬಾಗಿದ ಆ ಕಲ್ಲುಗಳ ನಡುವೆ ನಿಂತವರು ತಾವೂ ತಲೆಬಾಗಿಸುವರು.

1915ರ ಏಪ್ರಿಲ್ 24ರಂದು ಕಾನ್‌ಸ್ಟಾಂಟಿನೋಪಲಿನಲ್ಲಿ ಅರ್ಮೇನಿಯನ್ ಪಂಡಿತರನ್ನೂ ಮುಖಂಡರನ್ನೂ ಹಿಡಿದು ಸೆರೆಗೆ ಹಾಕಿದರು. ಅದು ಮೊದಲು. ಆಮೇಲೆ ಊರೂರುಗಳಿಂದ ಗಂಡಸರನ್ನು ಬೇರ್ಪಡಿಸಿ ಕೊಂದು, ಹೆಂಗಸರು ಮಕ್ಕಳು ಮುದುಕರನ್ನು ಸಿರಿಯದ ಮರುಭೂಮಿಯ ಕಡೆಗೆ ಕಾಲ್ನಡೆಯಾಗಿ ಅಟ್ಟಿದರು. ಹಸಿವಿನಿಂದ, ಬಾಯಾರಿಕೆಯಿಂದ, ರೋಗದಿಂದ, ಕತ್ತಿಯಿಂದ ಸತ್ತವರ ಲೆಕ್ಕದಲ್ಲಿ ಮತಭೇದವುಂಟು. ಹತ್ತು ಲಕ್ಷಕ್ಕೆ ಕಡಮೆಯಿಲ್ಲವೆಂದು ಹೆಚ್ಚಿನ ಚರಿತ್ರಕಾರರ ಎಣಿಕೆ. ಇದನ್ನು ನರಮೇಧವೆಂದು ಕರೆಯಲು ತುರ್ಕಿಯ ಸರಕಾರವು ಇಂದಿಗೂ ಒಪ್ಪದು. 1965ರಲ್ಲಿ, ಐವತ್ತು ವರ್ಷ ತುಂಬಿದಾಗ, ಏರೆವಾನಿನ ಬೀದಿಗಳಲ್ಲಿ ಸುಮಾರು ಲಕ್ಷ ಜನರು ಸೇರಿ ನೆನಪಿನ ಹಕ್ಕನ್ನು ಕೇಳಿದರು. ಆಗ ಆಳುತ್ತಿದ್ದ ಸೋವಿಯೆತ್ ಸರಕಾರವು ಅದಕ್ಕೆ ಮಣಿಯಿತು. 1967ರಲ್ಲಿ ಈ ಸ್ಮಾರಕವು ಸಿದ್ಧವಾಯಿತು. ಪ್ರತಿ ಏಪ್ರಿಲ್ 24ರಂದು ಜನರು ಸಾಲುಗಟ್ಟಿ ಬಂದು ಜ್ಯೋತಿಯ ಸುತ್ತ ಹೂವಿಡುವರು. ಸಂಜೆಗೆ ಹೂವಿನ ರಾಶಿ ಆಳುದ್ದ ಏರುವುದು.

ಕಂಬವನ್ನೂ ಜ್ಯೋತಿಯನ್ನೂ ನೋಡಿ ಹಿಂದಿರುಗುವವರು ಹಲವರು. ಆದರೆ ಈ ಸ್ಥಳದಲ್ಲಿ ನಿಂತು ನೋಡಬೇಕಾದುದು 100 ಮೀಟರು ಉದ್ದದ ಗೋಡೆ. ಅದರ ಮೇಲೆ ಹಾಳಾದ ಊರುಗಳ ಹೆಸರುಗಳನ್ನು ಕೆತ್ತಿದ್ದಾರೆ. ಅದರ ಬೆನ್ನಿನ ಕಡೆಗೆ ಕೊನೆಯಲ್ಲಿ ಗಾಜು ಹಾಕಿದ ಸಣ್ಣ ಗೂಡುಗಳಿವೆ. ಆ ಅನ್ಯಾಯದ ವಿರುದ್ಧ ದನಿಯೆತ್ತಿದ ಪರದೇಶೀಯರ ಸಮಾಧಿಗಳಿಂದ ತಂದ ಹಿಡಿಮಣ್ಣನ್ನು ಅಲ್ಲಿ ಇರಿಸಿದ್ದಾರೆ. ಅವರಲ್ಲಿ ಅಮೆರಿಕದ ರಾಯಭಾರಿ ಮಾರ್ಗೆಂಥೋ, ಇಂಗ್ಲೆಂಡಿನ ಬ್ರೈಸ್ ಪ್ರಭು, ನಾರ್ವೆಯ ನಾನ್ಸೆನ್, ಜರ್ಮನಿಯ ಪಾದ್ರಿ ಲೆಪ್ಸಿಯಸ್ ಮೊದಲಾದವರುಂಟು. ಇವರೊಡನೆ ಒಬ್ಬ ಸೈನಿಕನೂ ಇದ್ದಾನೆ. ಆತನ ಚಿತಾಭಸ್ಮದ ಒಂದು ಪಾಲನ್ನು 1996ರಲ್ಲಿ ಸರಕಾರದ ಮರ್ಯಾದೆಯೊಂದಿಗೆ ಇಲ್ಲಿಗೆ ತಂದರು. ಅವನೇ ಆರ್ಮಿನ್ ವೆಗ್ನರ್.

ವೆಗ್ನರನು 1886ರಲ್ಲಿ ಜರ್ಮನಿಯ ಎಲ್ಬರ್‌ಫೆಲ್ಡಿನಲ್ಲಿ ಹುಟ್ಟಿದನು. ನ್ಯಾಯಶಾಸ್ತ್ರ ಓದಿದವನು, ಕವಿತೆ ಬರೆಯುವವನು. ಯುದ್ಧ ಮೊದಲಾದಾಗ ತಾನಾಗಿಯೇ ಸೈನ್ಯದ ಆರೋಗ್ಯದಳವನ್ನು ಸೇರಿ, ಗುಂಡಿನ ಮಳೆಯಲ್ಲಿ ಗಾಯಾಳುಗಳ ಸೇವೆ ಮಾಡಿ, ‘ಕಬ್ಬಿಣದ ಶಿಲುಬೆ’ ಎಂಬ ಪದಕವನ್ನು ಪಡೆದಿದ್ದನು. ಜರ್ಮನಿಯು 1914ರ ಆಗಸ್ಟಿನಲ್ಲಿಯೇ ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡಿತ್ತು. ಹೀಗಾಗಿ ಮರುವರ್ಷ ಅವನನ್ನು ತುರ್ಕಿಗೆ ಕಳುಹಿಸಿದರು. ದಂಡನಾಯಕ ಫಾನ್ ಡೆರ್ ಗೋಲ್ಟ್ಸನ ಪರಿವಾರದೊಡನೆ ಬಾಗ್ದಾದಿಗೆ ಹೋಗುವ ರೈಲುದಾರಿಯುದ್ದಕ್ಕೂ ಅವನು ಪಯಣಿಸಿದನು. ದಾರಿಯ ಎರಡು ಕಡೆಗಳಲ್ಲಿಯೂ ಅಟ್ಟಲ್ಪಟ್ಟ ಜನರ ಬಿಡಾರಗಳು. ಹರಕು ಬಟ್ಟೆಯ ಡೇರೆಗಳು. ತಾಯಿಯ ಮಗ್ಗುಲಲ್ಲಿ ಸತ್ತುಬಿದ್ದ ಕೂಸುಗಳು.

ಇವನ್ನು ಚಿತ್ರ ತೆಗೆಯಕೂಡದೆಂದು ಕಟ್ಟಪ್ಪಣೆಯಿತ್ತು. ರೈಲ್ವೆಯ ನೌಕರರು ತೆಗೆದ ಚಿತ್ರಗಳನ್ನೆಲ್ಲ ಗಾಜಿನ ಫಲಕಗಳ ಸಮೇತ 48 ಗಂಟೆಗಳೊಳಗೆ ಒಪ್ಪಿಸಬೇಕೆಂದೂ ತಪ್ಪಿದರೆ ಸೈನಿಕ ನ್ಯಾಯಾಲಯಕ್ಕೆ ಎಳೆಯಲಾಗುವುದೆಂದೂ 1915ರ ಸೆಪ್ಟೆಂಬರಿನಲ್ಲಿ ಜೆಮಾಲ್ ಪಾಷನು ಆಜ್ಞೆ ಹೊರಡಿಸಿದ್ದನು. ವೆಗ್ನರನು ಆದರೂ ಚಿತ್ರ ತೆಗೆದನು, ಟಿಪ್ಪಣಿ ಬರೆದನು, ನಿರಾಶ್ರಿತರ ಕಾಗದಗಳನ್ನು ಗುಟ್ಟಾಗಿ ಸಾಗಿಸಿದನು. ಕಡೆಗೊಮ್ಮೆ ಅವನು ತನ್ನ ತಾಯಿಗೆ ಬರೆದ ಕಾಗದವು ಅಧಿಕಾರಿಗಳ ಕೈಗೆ ಸಿಕ್ಕಿತು. ತುರ್ಕಿಯ ಸೇನಾಧಿಕಾರಿಗಳು ದೂರಿದರು. ಹಿಡಿದು ಶಿಕ್ಷಿಸಿದವರು ಮಾತ್ರ ಅವನ ಸ್ವಂತ ಜರ್ಮನರೇ. ಶಿಕ್ಷೆಯೇನು? ಬಾಗ್ದಾದಿನ ಕಾಲರಾ ರೋಗಿಗಳ ವಾರ್ಡಿನಲ್ಲಿ ಚಾಕರಿ. ಅಲ್ಲಿಂದ ಬದುಕಿ ಬರುವವರು ಎಷ್ಟು ಮಂದಿ ಎಂಬುದನ್ನು, ಕಾಲರಾ ಬಂದು ಕೇರಿಗೆ ಕೇರಿಯೇ ಬರಿದಾದ ಕಥೆಗಳನ್ನು ಹಿರಿಯರಿಂದ ಕೇಳಿದ ನಮಗೆ ವಿವರಿಸಬೇಕಾಗಿಲ್ಲ. ಅವನೂ ಹಾಸಿಗೆ ಹಿಡಿದನು. 1916ರ ಕೊನೆಗೆ ರೋಗಿಯಾಗಿ ಹಿಂದಿರುಗುವಾಗ, ತಾನು ತೆಗೆದ ಫಲಕಗಳನ್ನೂ ಬೇರೆ ಜರ್ಮನ್ ಅಧಿಕಾರಿಗಳು ತೆಗೆದವನ್ನೂ ಸೊಂಟದ ಪಟ್ಟಿಯಲ್ಲಿ ಅಡಗಿಸಿ ತಂದನೆಂದು ಹೇಳುವರು. ಅವನ ಹೆಸರಿನಲ್ಲಿ ಪ್ರಚಾರದಲ್ಲಿರುವ ಚಿತ್ರಗಳೆಲ್ಲವೂ ಅವನವಲ್ಲವೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಆದರೂ ಆ ಚಿತ್ರಗಳು ಉಳಿದುಬಂದುದು ಬಲು ದೊಡ್ಡ ಮಾತು.

ಇಲ್ಲಿ ವಾಚಕರು ಆ ಗೋಡೆಯ ಮೂರು ಗೂಡುಗಳನ್ನು ಒಟ್ಟಿಗೆ ನೋಡಬೇಕು. ಬ್ರೈಸ್ ಪ್ರಭುವು ಅರ್ಮೇನಿಯನ್ನರ ದುಃಖದ ವರದಿಯನ್ನು 1916ರಲ್ಲಿ ಹೊರತಂದಾಗ ಇಂಗ್ಲೆಂಡಿನ ಸರಕಾರವೇ ಅದನ್ನು ಅಚ್ಚು ಹಾಕಿಸಿತು. ಏಕೆಂದರೆ ಅದು ಶತ್ರುವಿನ ಪಾಪದ ಪಟ್ಟಿ. ಅದೇ ವರ್ಷ ಲೆಪ್ಸಿಯಸನು ಜರ್ಮನಿಯಲ್ಲಿ ಅದೇ ಸಂಗತಿಯನ್ನು ಬರೆದು ಸುಮಾರು 20,000 ಪ್ರತಿಗಳನ್ನು ಹಂಚಲು, ಸರಕಾರವು ಪುಸ್ತಕವನ್ನು ತಡೆಯಿತು. ಅವನು ಹಾಲೆಂಡಿಗೆ ಹೋಗಿ ಸೇರಿಕೊಂಡನು. ವೆಗ್ನರನಿಗೆ ಕಾಲರಾ ವಾರ್ಡು. ಸತ್ಯವು ಒಂದೇ, ಆಡಿದ ಜಾಗ ಬೇರೆ. ಅರ್ಮೇನಿಯನ್ನರು ಸತ್ತರೂ ಸರಿ, ಯುದ್ಧ ಮುಗಿಯುವವರೆಗೆ ತುರ್ಕಿಯು ನಮ್ಮ ಕೈಬಿಡಬಾರದು ಎಂಬ ಅರ್ಥದ ಟಿಪ್ಪಣಿಯನ್ನು ಜರ್ಮನಿಯ ಪ್ರಧಾನನಾದ ಬೆತ್‌ಮನ್ ಹಾಲ್ವೆಗನೇ 1915ರ ಡಿಸೆಂಬರಿನಲ್ಲಿ ಬರೆದಿಟ್ಟನು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ನೆರೆಯವನ ಎಲೆಯ ನೊಣ ತೋರಿಸುವ ಗಾದೆ ರಾಜ್ಯಗಳಿಗೂ ಸಲ್ಲುವುದು.

ಜರ್ಮನರಿಗೆ ತಡೆಯುವ ಶಕ್ತಿಯೇ ಇರಲಿಲ್ಲವೆ? ಇತ್ತು. 1916ರ ನವೆಂಬರಿನಲ್ಲಿ ಸ್ಮಿರ್ನಾ ಪಟ್ಟಣದ ಅರ್ಮೇನಿಯನ್ನರನ್ನು ಅಟ್ಟಲು ತೊಡಗಿದಾಗ, ಅಲ್ಲಿನ ಸೇನೆಯ ಮುಖ್ಯನಾಗಿದ್ದ ಜರ್ಮನ್ ದಂಡನಾಯಕ ಲೀಮಾನ್ ಫಾನ್ ಸಾಂಡರ್ಸನು ಸೈನ್ಯಬಲದಿಂದ ತಡೆಯುವೆನೆಂದು ಬೆದರಿಸಿದನು, ಕೆಲಸ ನಿಂತಿತು. ಅವನನ್ನು ಯಾರೂ ದಂಡಿಸಲಿಲ್ಲ. ಮೇಲಿನವನ ಒಂದು ಮಾತಿಗೆ ಒಂದು ಪಟ್ಟಣವು ಉಳಿದರೆ, ಕೆಳಗಿನವನು ಒಂದು ಚಿತ್ರ ತೆಗೆದುದಕ್ಕೆ ಸಾವಿನ ಬಾಗಿಲನ್ನು ತಟ್ಟಬೇಕಾಯಿತು.

ಆ ಬಿಡಾರಗಳ ಜನರು ಹಾದುಹೋದ ಮುಖ್ಯ ಪಟ್ಟಣ ಅಲೆಪ್ಪೊ. ನಮ್ಮ ನಾಡಿನ ಕುದುರೆ ಸವಾರರೂ ಅಲ್ಲಿಯವರೆಗೆ ಹೋಗಿದ್ದರು. 1918ರ ಸೆಪ್ಟೆಂಬರಿನಲ್ಲಿ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ದಳವು ಅಕ್ಟೋಬರ್ 26ರಂದು ಅಲೆಪ್ಪೊದ ಬಳಿ ಹರಿತಾನಿನಲ್ಲಿ ತುರ್ಕರೊಡನೆ ಹೋರಾಡಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕವನ್ನು ನೋಡಿದವರು ಈ ಊರಿನ ಹೆಸರನ್ನೂ ನೆನೆಯಬಹುದು.

ಯುದ್ಧ ಮುಗಿದ ಮೇಲೆ ವೆಗ್ನರನು ಸುಮ್ಮನಾಗಲಿಲ್ಲ. 1919ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್ನನಿಗೆ ಬಹಿರಂಗ ಪತ್ರ ಬರೆದನು. ಮಾರ್ಚಿಯಲ್ಲಿ ಬರ್ಲಿನಿನ ಸಭೆಯೊಂದರಲ್ಲಿ ಚಿತ್ರಗಳನ್ನು ತೆರೆಯ ಮೇಲೆ ತೋರಿಸಿದನು. 1933ರ ಏಪ್ರಿಲಿನಲ್ಲಿ, ಯೆಹೂದ್ಯರ ಹಿಂಸೆ ಮೊದಲಾದಾಗ, ಹಿಟ್ಲರನಿಗೇ ಪತ್ರ ಬರೆದು ಅದು ಜರ್ಮನಿಗೆ ಕಳಂಕವೆಂದನು. ಅವನ ಪತ್ನಿ ಯೆಹೂದಿ ಮನೆತನದವಳು. ಆಗಸ್ಟಿನಲ್ಲಿ ಅವನನ್ನು ಹಿಡಿದರು. ಸೆರೆಮನೆಯಿಂದ ಶಿಬಿರಕ್ಕೆ, ಶಿಬಿರದಿಂದ ಶಿಬಿರಕ್ಕೆ ಅಲೆದಾಡಿಸಿದರು. ಬಿಡುಗಡೆಯ ಬಳಿಕ ಅವನು ಇಟಲಿಗೆ ಹೋದನು. ಸಂಸಾರ ಒಡೆಯಿತು, ತಾಯ್ನಾಡು ದೂರವಾಯಿತು. 1978ರಲ್ಲಿ ರೋಮಿನಲ್ಲಿ ತೀರಿಕೊಂಡನು. 2016ರ ಜೂನ್ 2ರಂದು ಜರ್ಮನಿಯ ಪಾರ್ಲಿಮೆಂಟು ಅದನ್ನು ನರಮೇಧವೆಂದು ಒಪ್ಪಿ, ತನ್ನ ಹಿಂದಿನ ಸಾಮ್ರಾಜ್ಯದ ಪಾಲಿನ ತಪ್ಪನ್ನೂ ಹೇಳಿತು. ಕಾಲರಾ ವಾರ್ಡಿನ ಶಿಕ್ಷೆಗೆ ಅಷ್ಟು ಹೊತ್ತಿಗೆ ನೂರು ವರ್ಷವಾಗಿತ್ತು.

ಮಹಾಭಾರತವನ್ನು ಓದುವ ಮನೆಗಳಲ್ಲಿ ವಿಕರ್ಣನ ಹೆಸರು ಗೊತ್ತಿರುವುದು. ದ್ರೌಪದಿಯನ್ನು ಸಭೆಗೆ ಎಳೆತಂದಾಗ ಭೀಷ್ಮದ್ರೋಣರು ತಲೆ ತಗ್ಗಿಸಿ ಕುಳಿತಿರಲು, ಇದು ಅಧರ್ಮವೆಂದು ಎದ್ದು ನುಡಿದವನು ಕೌರವರಲ್ಲಿಯೇ ಒಬ್ಬನಾದ ಅವನು. ಪಾಂಡವರ ಕಡೆಯವನು ಆಡಿದ್ದರೆ ಆ ಮಾತಿಗೆ ಅಷ್ಟು ತೂಕ ಬರುತ್ತಿರಲಿಲ್ಲ. ಕರ್ಣನು ಅವನನ್ನು ಅಷ್ಟು ಕಟುವಾಗಿ ಗದರಿಸುತ್ತಲೂ ಇರಲಿಲ್ಲ. ಏರೆವಾನಿನ ಗೋಡೆಯಲ್ಲಿ ಸನ್ಮಾನ ಪಡೆದವನ ಮಣ್ಣೂ ಶಿಕ್ಷೆ ಪಡೆದವನ ಬೂದಿಯೂ ಒಂದೇ ಸಾಲಿನಲ್ಲಿವೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಯರು ಬ್ರೈಸ್ ಪ್ರಭುವಿನ ಹೆಸರನ್ನು ಹೇಳಲಿ; ವೆಗ್ನರನ ಗೂಡಿನ ಮುಂದೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ.