ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟ ಮಾರ್ಕ್ಸ್ ಕಾರ್ಡು

ಸೋದರಿಯರೇ, ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. 2019ರಲ್ಲಿ ನನ್ನ ಮಗಳು ಎಕ್ಸ್‌ರೇ ಓದಿಗೆ ಸೇರಬೇಕಾಗಿದ್ದ ಹಿಂದಿನ ದಿನ, ಅವಳ ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡನ್ನು ನಾನೇ ಅಕ್ಕಿ ಡಬ್ಬದ ತಳದಲ್ಲಿ ಬಚ್ಚಿಟ್ಟೆ. ಹೆತ್ತ ತಾಯಿ ಹೀಗೂ ಮಾಡುತ್ತಾಳೆಯೇ ಎಂದು ಕೇಳುತ್ತೀರಿ. ಮಾಡುತ್ತಾಳೆ. ಯಾಕೆ ಮಾಡಿದೆ, ಆಮೇಲೆ ಏನಾಯಿತು ಎಂದು ಹೇಳುವುದಕ್ಕೇ ಈ ಬರಹ.

ನಮ್ಮದು ನಂಜನಗೂಡು ತಾಲ್ಲೂಕಿನ ಹೆಡತಲೆ. ಹೊಯ್ಸಳರ ಕಾಲದ ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನ ನಮ್ಮೂರಿನ ಹೆಮ್ಮೆ. ಅಲ್ಲಿ ಹದಿನಾರು ಮುಖದ ಚಾವಡಿ ಎಂದು ಒಂದಿದೆ. ಹಿಂದೆ ಇಲ್ಲಿದ್ದ ದೊರೆಯೊಬ್ಬ ತನ್ನ ಹದಿನಾರು ಜನ ಅಳಿಯಂದಿರಿಗೂ ಹೆಚ್ಚುಕಡಿಮೆಯಾಗದ ಹಾಗೆ ಸಮಸಮನಾಗಿ ಕೂರಲು ಜಾಗ ಮಾಡಿಸಿದನಂತೆ. ಊರಿನ ಹಿರಿಯರು ಹೇಳುವ ಕಥೆ. ಆ ಹದಿನಾರು ಹೆಣ್ಣುಮಕ್ಕಳು ಎಲ್ಲಿ ಕೂರುತ್ತಿದ್ದರೋ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ! ನಾನೂ ಎಸ್.ಎಸ್.ಎಲ್.ಸಿ. ಪಾಸು ಮಾಡಿ, ಮುಂದೆ ಓದುವ ಆಸೆಯನ್ನು ಮನಸ್ಸಿನಲ್ಲೇ ಮಡಿಸಿಟ್ಟುಕೊಂಡು ಈ ಊರಿಗೆ ಸೊಸೆಯಾಗಿ ಬಂದವಳು.

2018ರ ದೀಪಾವಳಿ. ನೀರು ತುಂಬುವ ಹಬ್ಬದ ದಿನ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಎದ್ದು ನಿಲ್ಲಲಾಗಲಿಲ್ಲ. ಮೊದಲು ಕರೆದುಕೊಂಡು ಹೋದ ಕಡೆ ಎಕ್ಸ್‌ರೇ ತೆಗೆಯುವ ಹುಡುಗ ಬಾಗಿಲನ್ನೂ ಸರಿಯಾಗಿ ಹಾಕದೆ, "ಸೀರೆ ಮೇಲೆತ್ತಿ, ಬೇಗ" ಅಂದುಬಿಟ್ಟ. ಎಪ್ಪತ್ತು ದಾಟಿದ ಜೀವ. "ಸತ್ರೂ ಸರಿ, ನಾ ಎತ್ತಲ್ಲ" ಎಂದು ಹಟ ಹಿಡಿದರು. ಆ ನೋವಿನಲ್ಲೇ ಹಾಗೇ ವಾಪಸು ಬಂದೆವು.

ಮರುದಿನ ಮೈಸೂರಿನ ಒಂದು ಆಸ್ಪತ್ರೆಗೆ ಹೋದೆವು. ಅಲ್ಲಿ ಎಕ್ಸ್‌ರೇ ಕೋಣೆಯಲ್ಲಿದ್ದವಳು ಒಬ್ಬ ಹುಡುಗಿ. ಮೊದಲು ಬಾಗಿಲು ಹಾಕಿದಳು. ಅತ್ತೆಯ ಮೇಲೆ ಒಂದು ದುಪ್ಪಟಿ ಹೊದಿಸಿ, ಅದರ ಒಳಗಿಂದಲೇ ಸೀರೆ ಸರಿಮಾಡಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಚೀಲವನ್ನು ಮೆಲ್ಲಗೆ ಬಿಡಿಸಿ, "ಅಜ್ಜೀ, ನಿಮ್ಮ ಸುಣ್ಣದ ಡಬ್ಬಿನೂ ಚಿತ್ರದಲ್ಲಿ ಬಿದ್ದುಬಿಡುತ್ತೆ, ಇವರ ಕೈಲಿ ಕೊಡೋಣ್ವಾ?" ಎಂದು ನಗಿಸಿದಳು. ಕಾಲನ್ನು ಎಷ್ಟು ಹುಷಾರಾಗಿ ಹಿಡಿದಳೆಂದರೆ ಅತ್ತೆ ಒಮ್ಮೆಯೂ ಚೀರಲಿಲ್ಲ. ತೊಡೆಮೂಳೆ ಸೊಂಟಕ್ಕೆ ಸೇರುವ ಜಾಗದಲ್ಲಿ ಮುರಿದಿತ್ತು. ಆಪರೇಷನ್ ಆಯಿತು. ವಾಕರ್ ಹಿಡಿದು ಓಡಾಡುವಂತಾದರು.

ಇದನ್ನೆಲ್ಲ ನೋಡುತ್ತ ಪಕ್ಕದಲ್ಲಿ ನಿಂತಿದ್ದವಳು ನನ್ನ ಮಗಳು. ಆಗ ಎರಡನೇ ಪಿ.ಯು.ಸಿ. ವಿಜ್ಞಾನ. ರಿಸಲ್ಟ್ ಬಂದ ದಿನ, "ಅಮ್ಮಾ, ನಾನು ಆ ಅಕ್ಕನ ಓದನ್ನೇ ಓದ್ತೀನಿ" ಅಂದಳು.

ನನ್ನ ಎದೆ ಧಸಕ್ಕೆಂದಿತು. ಎದುರುಮನೆಯಕ್ಕ ಕೇಳಿದವರೇ, "ಬ್ಯಾಡ ಕಣಮ್ಮಾ, ಆ ಕಿರಣ ಬಿದ್ರೆ ಗರ್ಭ ಬತ್ತೋಯ್ತದಂತೆ. ನಾಳೆ ಯಾರು ಕಟ್ಕೋತಾರೆ?" ಅಂದರು. ನೆಂಟರ ಕಡೆಯಿಂದ ಒಂದು ಸಂಬಂಧದ ಮಾತೂ ಆಗಲೇ ಬಂದಿತ್ತು. ಯಜಮಾನರು "ತಾಯಿ ಮಗಳು ಏನಾದ್ರೂ ಮಾಡ್ಕೊಳ್ಳಿ" ಎಂದು ಗದ್ದೆ ಕಡೆ ಹೊರಟರು. ನನಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಬಚ್ಚಿಡಲು ಕೈ ಬಂತು.

ಕೂಸು ಸಂಜೆಯವರೆಗೂ ಮನೆಯೆಲ್ಲ ಹುಡುಕಿದಳು. ಟ್ರಂಕು, ದೇವರ ಗೂಡು, ಹಾಸಿಗೆಯ ಕೆಳಗೆ, ಎಲ್ಲ ಜಾಲಾಡಿದಳು. ಕೊನೆಗೆ ಅಳುತ್ತಾ ಮಲಗಿದಳು. ನಾನು ರಾತ್ರಿ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ನಡುಮನೆಯಿಂದ ಅತ್ತೆ ಕರೆದರು.

"ಅಕ್ಕಿ ಡಬ್ಬದಲ್ಲಿ ಏನಮ್ಮ ಇಟ್ಟೆ? ಮಲಗಿದ್ದೋಳಿಗೆ ಕಣ್ಣು ಕಾಣಲ್ಲ ಅಂದ್ಕೊಂಡ್ಯಾ?"

ನಾನು ಮಾತಾಡಲಿಲ್ಲ.

"ಅವತ್ತು ನನ್ನ ಮಾನ ಕಾಪಾಡ್ತಲ್ಲ ಆ ಹುಡುಗಿ, ಅವಳನ್ನೂ ಯಾವಳೋ ಒಬ್ಬ ತಾಯಿ ಧೈರ್ಯ ಮಾಡಿ ಕಳಿಸಿದ್ಲು ತಾನೇ? ಅವಳೂ ನಿನ್ನಂಗೇ ಬಚ್ಚಿಟ್ಟಿದ್ರೆ ನನ್ನ ಗತಿ ಏನಾಗ್ತಿತ್ತು?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಮೊಮ್ಮಗಳಿಗೂ ಒಂದು ಕಾಲ ಬರಬೇಕು ಎಂದು ಹೇಳಿದವರು, ಶಾಲೆಯ ಮೆಟ್ಟಿಲೇ ಹತ್ತದ ನಮ್ಮ ಅತ್ತೆ! ಬೆಳಗಿನ ಜಾವವೇ ಎದ್ದು ಕಾರ್ಡನ್ನು ಒರೆಸಿ ಮಗಳ ಕೈಗಿಟ್ಟೆ. "ಎಲ್ಲಿತ್ತಮ್ಮ?" ಎಂದಳು. ನಿಜ ಹೇಳಿಬಿಟ್ಟೆ. ಬಸ್ಸು ಹತ್ತುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ.

ನನ್ನ ಭಯ ಮಾತ್ರ ಒಂದೇ ದಿನಕ್ಕೆ ಹೋಗಲಿಲ್ಲ. ಮಗಳು ಪಾಠ ಕಲಿತು ಬಂದ ಹಾಗೆಲ್ಲ ಒಲೆಯ ಮುಂದೆ ಕೂತು ನನಗೂ ಹೇಳಿಕೊಟ್ಟಳು. ನೀವೂ ಕೇಳಿ.

ಎಕ್ಸ್‌ರೇಯನ್ನು 1895ರ ನವೆಂಬರ್ 8ರಂದು ಜರ್ಮನಿಯ ರಾಂಟ್ಜೆನ್ ಕಂಡುಹಿಡಿದರು. ಮುಂದಿನ ತಿಂಗಳು ಅವರು ತೆಗೆದ ಹೆಸರಾದ ಚಿತ್ರ ಅವರ ಹೆಂಡತಿಯ ಕೈಯದು. ಬೆರಳಿನ ಮೂಳೆ, ಮೂಳೆಯ ಮೇಲೆ ಉಂಗುರ! ಮೊದಲ ಮಹಾಯುದ್ಧದಲ್ಲಿ ಮೇರಿ ಕ್ಯೂರಿ ಎಂಬ ವಿಜ್ಞಾನಿ ತಾಯಿ, ಹದಿನೇಳು ತುಂಬಿದ್ದ ತನ್ನ ಮಗಳು ಐರೀನಳನ್ನು ಜೊತೆಗೆ ಕರೆದುಕೊಂಡು, ಎಕ್ಸ್‌ರೇ ಯಂತ್ರವಿಟ್ಟ ಮೋಟಾರು ಗಾಡಿಯಲ್ಲಿ ಗಾಯಗೊಂಡ ಸೈನಿಕರ ಬಳಿಗೆ ಹೋದಳಂತೆ. ಸುಮಾರು 150 ಜನ ಹೆಂಗಸರಿಗೆ ಈ ಕೆಲಸ ಕಲಿಸಿದಳಂತೆ. ಆಗಿನವರಿಗೆ ರಕ್ಷಣೆಯ ಕ್ರಮ ಗೊತ್ತಿರಲಿಲ್ಲ. ಅನೇಕರು ಕಾಯಿಲೆ ಬಿದ್ದರು. ಮೇರಿ ಕ್ಯೂರಿಯೂ 1934ರಲ್ಲಿ ರಕ್ತದ ಕಾಯಿಲೆಯಿಂದ ತೀರಿಕೊಂಡಳು. ಎದುರುಮನೆಯಕ್ಕನ ಹೆದರಿಕೆ ಪೂರ್ತಿ ಸುಳ್ಳಲ್ಲ, ಹಳೆಯದು ಅಷ್ಟೆ.

ಈಗ ಹೇಗೆ? ಸ್ವಿಚ್ಚು ಒತ್ತಿದ ಆ ಕ್ಷಣ ಮಾತ್ರ ಕಿರಣ ಇರುತ್ತದೆ. ಬಿಟ್ಟ ಮೇಲೆ ಕೋಣೆಯಲ್ಲಾಗಲಿ, ಮೈಯಲ್ಲಾಗಲಿ ಉಳಿಯುವುದಿಲ್ಲ. ಚಿತ್ರ ತೆಗೆಯುವವರು ಸೀಸ ಹಾಕಿದ ತಡೆಯ ಹಿಂದೆ ನಿಲ್ಲುತ್ತಾರೆ. ರೋಗಿಯ ಹತ್ತಿರವೇ ಇರಬೇಕಾಗಿ ಬಂದರೆ ಸೀಸದ ಏಪ್ರನ್ ತೊಡುತ್ತಾರೆ. ಒಲೆಯಿಂದ ಹಿಂದೆ ಸರಿದಷ್ಟೂ ಬಿಸಿ ಕಡಿಮೆಯಾಗುವಂತೆ, ಎರಡರಷ್ಟು ದೂರ ನಿಂತರೆ ಕಿರಣ ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಎದೆಯ ಮೇಲೆ ಟಿಎಲ್‌ಡಿ ಎಂಬ ಬ್ಯಾಡ್ಜ್ ಇರುತ್ತದೆ. ಮೈಗೆ ಎಷ್ಟು ಕಿರಣ ತಾಗಿದೆ ಎಂದು ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಲೆಕ್ಕ ನೋಡುತ್ತಾರೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ, ಈ ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು. ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಎದೆಯ ಒಂದು ಎಕ್ಸ್‌ರೇಯಿಂದ ರೋಗಿಗೆ ತಾಗುವುದು ಸುಮಾರು 0.1 ಅಥವಾ ಇನ್ನೂ ಕಡಿಮೆ. ನೆಲ, ಆಕಾಶ, ಗಾಳಿಯಿಂದ ಸಹಜವಾಗಿಯೇ ನಮ್ಮೆಲ್ಲರಿಗೂ ವರ್ಷಕ್ಕೆ ಸರಾಸರಿ 2.4ರಷ್ಟು ತಾಗುತ್ತದಂತೆ! ಕೆಲಸದಲ್ಲಿರುವ ಹುಡುಗಿ ಬಸುರಿಯಾದರೆ ಕೂಡಲೇ ಮೇಲಿನವರಿಗೆ ತಿಳಿಸಬೇಕು. ಹೊಟ್ಟೆಯ ಮಗುವಿಗೆ ಇನ್ನೂ ಬಿಗಿಯಾದ ಮಿತಿ ಇದೆ. ಹಾಗೆಯೇ ನಾವು ಎಕ್ಸ್‌ರೇಗೆ ಹೋದಾಗ ಮುಟ್ಟು ನಿಂತಿದ್ದರೆ ನಾಚಿಕೆಪಡದೆ ಮೊದಲೇ ಹೇಳಬೇಕು.

ಮಗಳು ಬಿ.ಎಸ್‌ಸಿ. ಇಮೇಜಿಂಗ್ ಟೆಕ್ನಾಲಜಿ ಓದಿದಳು. ಮೂರು ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಬೆಳಿಗ್ಗೆ ನಂಜನಗೂಡಿಗೆ ಒಂದು ಬಸ್ಸು, ಅಲ್ಲಿಂದ ಮೈಸೂರಿಗೆ ಇನ್ನೊಂದು. ಅವಳಿಗಾಗಿ ನಾನು ನಾಲ್ಕೂವರೆಗೆ ಏಳುತ್ತಿದ್ದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ತಪ್ಪಿದಾಗ ಅವಳ ಓದು ಮುಗಿಯುತ್ತ ಬಂದಿತ್ತು. ಅದೇ ವರ್ಷ ಕೆಲಸಕ್ಕೆ ಸೇರಿದಳು.

ಕೆಲಸ ಸುಲಭವಲ್ಲ. ದಿನವಿಡೀ ನಿಂತಿರಬೇಕು. ರಾತ್ರಿ ಪಾಳಿ ಇದೆ. ನಡುರಾತ್ರಿ ಅಪಘಾತದವರು ಬಂದರೆ ಎತ್ತಿ ಮಲಗಿಸಬೇಕು, ಅವರ ನೋವು ನೋಡಬೇಕು. ರೋಗಿಗಳ ಕಡೆಯವರು "ಏನಿದೆ ಹೇಳಿ" ಎಂದು ಕಾಡಿದರೂ ಬಾಯಿ ಬಿಡುವಂತಿಲ್ಲ. ಇವಳದು ಚಿತ್ರ ತೆಗೆಯುವ ಕೆಲಸ, ವರದಿ ಬರೆಯುವವರು ರೇಡಿಯಾಲಜಿಸ್ಟ್ ಡಾಕ್ಟರು. ಮೊದಲ ತಿಂಗಳು ಒಂದು ಮಗುವಿನ ಚಿತ್ರ ತೆಗೆದು ಬಂದವಳು ಊಟ ಬಿಟ್ಟು ಮಲಗಿದ್ದಳು. ಈಗ ಸಿಟಿ ಸ್ಕ್ಯಾನ್ ಕಲಿಯುತ್ತಿದ್ದಾಳೆ. ಮುಂದೆ ಎಂ.ಆರ್.ಐ. ಕಲಿಯುವ ಆಸೆ. ಅದರಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ, ದೊಡ್ಡ ಅಯಸ್ಕಾಂತವಂತೆ.

ಕಳೆದ ವರ್ಷ ಎದುರುಮನೆಯಕ್ಕ ಒಂದು ಮಧ್ಯಾಹ್ನ ಬಂದು, ಬಾಗಿಲು ಓರೆ ಮಾಡಿ, ಎದೆಯಲ್ಲಿ ಗಂಟು ಕೈಗೆ ಸಿಗುತ್ತಿದೆ ಅಂದರು. ಮೂರು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಮ್ಯಾಮೋಗ್ರಾಂ ಎಂಬ ಎದೆಯ ಎಕ್ಸ್‌ರೇ ಬರೆದುಕೊಟ್ಟ ಚೀಟಿ ಸೆರಗಿನಲ್ಲೇ ಗಂಟಾಗಿತ್ತು. "ಅಲ್ಲಿ ಗಂಡಸರಿರ್ತಾರೇನೋ, ನಾ ಹೋಗಾಕಿಲ್ಲ. ನಿನ್ ಮಗಳು ಇರ್ತಾಳಾ?" ಎಂದು ಕೇಳಿದರು. ಮಗಳೇ ಜೊತೆಗೆ ಕರೆದುಕೊಂಡು ಹೋದಳು. ಅವರ ವರದಿಯಲ್ಲಿ ಏನು ಬಂತು ಎಂಬುದು ಅವರ ಮನೆಯ ವಿಷಯ, ನಾನು ಬರೆಯುವುದಿಲ್ಲ. ಆದರೆ ಇನ್ನೂ ಮೂರು ತಿಂಗಳು ತಡಮಾಡಲಿಲ್ಲ ಎಂಬುದಷ್ಟೇ ನನಗೆ ಸಮಾಧಾನ.

ಮನೆಯಲ್ಲಿ ಹೆಣ್ಣುಮಕ್ಕಳಿರುವ ಸೋದರಿಯರಿಗೆ ಒಂದೆರಡು ಮಾತು. ಎಸ್.ಎಸ್.ಎಲ್.ಸಿ. ಆದವರಿಗೆ ಡಿಪ್ಲೊಮಾ ಇದೆ, ವಿಜ್ಞಾನದಲ್ಲಿ ಪಿ.ಯು.ಸಿ. ಆದವರಿಗೆ ಪದವಿ ಇದೆ. ಹಣ ಕಟ್ಟುವ ಮೊದಲು, ಡಿಪ್ಲೊಮಾಗೆ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡಿನ ಮಾನ್ಯತೆ ಇದೆಯೇ, ಪದವಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ್ದೋ ಬೇರೆ ಮಾನ್ಯ ವಿಶ್ವವಿದ್ಯಾಲಯದ್ದೋ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ತರಬೇತಿ ಯಾವ ಆಸ್ಪತ್ರೆಯಲ್ಲಿ ಎಂದೂ ಕೇಳಿ.

ಮಗಳ ಮದುವೆ ಇನ್ನೂ ಆಗಿಲ್ಲ. ಹೋದ ತಿಂಗಳು ಬಂದವರು, "ರಾತ್ರಿ ಪಾಳಿ ಬಿಡ್ತಾಳಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗೋಡೆಗೊರಗಿ ಎಲೆಗೆ ಸುಣ್ಣ ಸವರುತ್ತ, "ರಾತ್ರಿ ಹೊತ್ತು ಮೂಳೆ ಮುರಿಯಾಕಿಲ್ವಾ ನಿಮ್ಮೂರಲ್ಲಿ?" ಅಂದರು. ಬಂದವರು ಉಪ್ಪಿಟ್ಟು ತಿಂದು ಹೊರಟರು. ಮಗಳ ಮಾರ್ಕ್ಸ್ ಕಾರ್ಡುಗಳೆಲ್ಲ ಈಗ ಬೀರುವಿನಲ್ಲಿವೆ. ಬೀಗದಕೈ ಅವಳ ಹತ್ತಿರವೇ ಇದೆ.