ಅಂಗಡಿಯ ಹಣಕ್ಕೊಂದು ಪ್ರತ್ಯೇಕ ಖಾತೆ

ವ್ಯಾಪಾರವು ಹಲಾಲ್ ಆಗುವುದು ಮಾರುವ ಸರಕಿನಿಂದ ಮಾತ್ರವಲ್ಲ, ಬಂದ ಹಣವನ್ನು ಇರಿಸಿಕೊಳ್ಳುವ ರೀತಿಯಿಂದಲೂ ಹೌದು. ತೂಕದಲ್ಲಿ ಮೋಸ ಮಾಡದ, ಕಲಬೆರಕೆಯನ್ನು ಕಂಡರೆ ದೂರ ಸರಿಯುವ, ಅಝಾನ್ ಕೇಳಿದೊಡನೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ನಮಾಝಿಗೆ ಹೊರಡುವ ವ್ಯಾಪಾರಿಗಳು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಆದರೆ ಅವರ ಗಲ್ಲಾಪೆಟ್ಟಿಗೆಯ ಮುಂದೆ ನಿಂತು, ಇದರಲ್ಲಿ ಅಂಗಡಿಯದು ಎಷ್ಟು, ಮನೆಯದು ಎಷ್ಟು, ಇತರರದು ಎಷ್ಟು ಎಂದು ಕೇಳಿದರೆ ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ಆ ನಗುವಿನ ಹಿಂದೆ ಒಂದು ದೊಡ್ಡ ಹೊಣೆ ಮರೆಯಾಗಿರುತ್ತದೆ.

ನಮ್ಮ ಸೋದರಮಾವನವರು ಪ್ರಾಮಾಣಿಕ ವ್ಯಾಪಾರಿ. ಊರವರ ನಂಬಿಕೆ ಎಷ್ಟಿತ್ತೆಂದರೆ, ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ವಿಧವೆಯೊಬ್ಬರು ಅವರ ಬಳಿಯೇ ಇರಿಸಿದ್ದರು. ಮಸೀದಿಯ ದುರಸ್ತಿಗೆ ಸಂಗ್ರಹವಾದ ಹಣದ ಒಂದು ಪಾಲೂ ಅವರಲ್ಲಿತ್ತು. ಎಲ್ಲವೂ ಅವರ ಹೆಸರಿನ ಒಂದೇ ಉಳಿತಾಯ ಖಾತೆಯಲ್ಲಿತ್ತು. ಲೆಕ್ಕ ಅವರ ತಲೆಯಲ್ಲಿತ್ತು. ಅವರು ಹಠಾತ್ತನೆ ತೀರಿಕೊಂಡಾಗ ಆ ಲೆಕ್ಕವೂ ಅವರೊಡನೆ ಮಣ್ಣು ಸೇರಿತು. ಸರಕು ಕೊಟ್ಟವರು ಬಂದರು, ವಿಧವೆ ಬಂದರು, ಮಸೀದಿಯವರು ಬಂದರು. ವಾರೀಸುದಾರರು ಯಾರಿಗೂ ಇಲ್ಲವೆನ್ನಲಿಲ್ಲ. ಆದರೆ ಎಷ್ಟು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮೃತರ ಸಾಲ ತೀರದೆ ಆಸ್ತಿ ಹಂಚುವಂತಿಲ್ಲ ಎಂಬ ಶರೀಅತ್ತಿನ ವಿಧಿಯನ್ನು ಪಾಲಿಸಲು ಆ ಕುಟುಂಬಕ್ಕೆ ಎರಡು ವರ್ಷ ಹಿಡಿಯಿತು.

ಪ್ರವಾದಿ(ಸ)ರವರ ಹಿಜ್ರತ್ ಅನ್ನು ಇಲ್ಲಿ ನೆನೆಯಬೇಕು. ಪ್ರಾಣಾಪಾಯದ ಆ ರಾತ್ರಿಯಲ್ಲೂ ಅವರು ಮಕ್ಕಾದವರ ಅಮಾನತ್ತುಗಳನ್ನು ಮರಳಿಸುವ ಹೊಣೆಯನ್ನು ಅಲಿ(ರ)ರವರಿಗೆ ವಹಿಸಿದರೆಂದು ಚರಿತ್ರೆಕಾರರು ಹೇಳುತ್ತಾರೆ. ಯಾರ ವಸ್ತು ಯಾವುದು ಎಂಬುದು ಸ್ಪಷ್ಟವಾಗಿದ್ದುದರಿಂದಲೇ ಮತ್ತೊಬ್ಬರ ಕೈಯಿಂದ ಅದನ್ನು ಹಿಂದಿರುಗಿಸಲು ಸಾಧ್ಯವಾಯಿತು. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಅಲ್ ಬಕರದ 282ನೆಯದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು ಮತ್ತು ಸಾಕ್ಷಿ ನಿಲ್ಲಿಸುವುದು. ಮೊತ್ತ ಚಿಕ್ಕದೆಂದು ಬರೆಯಲು ಬೇಸರಿಸಬಾರದೆಂದೂ ಅಲ್ಲಿ ಎಚ್ಚರಿಸಲಾಗಿದೆ. ಇಂದಿನ ವ್ಯಾಪಾರಿಗೆ ಆ ಬರವಣಿಗೆಯ ಮೊದಲ ಪುಟವೆಂದರೆ ಅಂಗಡಿಯ ಹೆಸರಿನಲ್ಲಿ ತೆರೆದ ಬ್ಯಾಂಕ್ ಖಾತೆ.

ಉಳಿತಾಯ ಖಾತೆ ಇರುವುದು ವ್ಯಕ್ತಿಯ ಉಳಿತಾಯಕ್ಕೆ. ವ್ಯಾಪಾರಕ್ಕೆಂದು ಇರುವುದು ಚಾಲ್ತಿ ಖಾತೆ. ಈ ಖಾತೆಯ ಹಣಕ್ಕೆ ಬ್ಯಾಂಕು ಬಡ್ಡಿ ಕೊಡುವಂತಿಲ್ಲವೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಲೋಕದ ಕಣ್ಣಿಗೆ ಇದು ಕೊರತೆ. ಬಡ್ಡಿಯಿಂದ ದೂರವಿರಬಯಸುವ ವಿಶ್ವಾಸಿಗೆ ಇದು ನಿರಾಳ. ಅನೇಕ ವಿದ್ವಾಂಸರು ಈ ಠೇವಣಿಯನ್ನು ನಾವು ಬ್ಯಾಂಕಿಗೆ ಕೊಟ್ಟ ಸಾಲವೆಂದೇ ಪರಿಗಣಿಸುತ್ತಾರೆ. ಕೊಟ್ಟಷ್ಟನ್ನೇ ಹಿಂಪಡೆಯುವುದರಿಂದ ಅದರಲ್ಲಿ ಬಡ್ಡಿಯ ಗಳಿಕೆ ನಮಗಿಲ್ಲ.

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಪೇಟೆಯಲ್ಲಿ ದಿನಸಿ ಅಂಗಡಿ ಆರಂಭಿಸಲು ಹೊರಟು, "ಉಸ್ತಾದ್, ಬ್ಯಾಂಕಿಗೆ ನೀವೂ ಬರಬೇಕು, ಆ ಕಾಗದಗಳೆಲ್ಲ ನನಗೆ ತಿಳಿಯುವುದಿಲ್ಲ" ಎಂದ. ನಾವು ಹೋದೆವು. ಅರ್ಜಿಯ ಆರಂಭದಲ್ಲಿಯೇ ಒಂದು ಪ್ರಶ್ನೆಯಿತ್ತು: ಒಬ್ಬನೇ ಮಾಲೀಕನೋ, ಪಾಲುದಾರಿಕೆಯೋ? ಅವನು ಕೂಡಲೇ ಮೊದಲನೆಯದಕ್ಕೆ ಗುರುತು ಹಾಕಲು ಹೊರಟ. ಬಂಡವಾಳ ಎಲ್ಲಿಂದ ಬಂತೆಂದು ನಾವು ಕೇಳಿದೆವು. ಮೂರು ಲಕ್ಷ ಅವನದು. ಎರಡು ಲಕ್ಷವನ್ನು ಅವನ ಅಕ್ಕ ತನ್ನ ಚಿನ್ನ ಮಾರಿ ಕೊಟ್ಟಿದ್ದಳು.

"ಅದು ಅಕ್ಕ ಕೊಟ್ಟ ಉಡುಗೊರೆಯೋ, ಸಾಲವೋ, ಪಾಲೋ?"

"ಹಾಗೇನೂ ಮಾತಾಡಿಲ್ಲ ಉಸ್ತಾದ್. ತಿಂಗಳಿಗೆ ಮೂರು ಸಾವಿರ ಕೊಡುತ್ತೇನೆ ಎಂದಿದ್ದೇನೆ."

ಪೆನ್ನನ್ನು ಕೆಳಗಿಡಲು ಹೇಳಿದೆವು. ಸಾಲವಾದರೆ ಎರಡು ಲಕ್ಷದ ಮೇಲೆ ತಿಂಗಳಿಗೆ ಮೂರು ಸಾವಿರ ಎಂಬುದು ಬಡ್ಡಿಯೇ. ಅಕ್ಕ ತಮ್ಮಂದಿರ ನಡುವೆ ಎಂಬ ಕಾರಣಕ್ಕೆ ಅದರ ಹೆಸರು ಬದಲಾಗುವುದಿಲ್ಲ. ಪಾಲಾದರೆ ನಿಶ್ಚಿತ ಮೊತ್ತ ಸಲ್ಲದು; ಲಾಭ ಬಂದಾಗ ಲಾಭದ ಪಾಲು, ನಷ್ಟವಾದಾಗ ಬಂಡವಾಳದ ಪ್ರಮಾಣದಲ್ಲಿ ನಷ್ಟದ ಪಾಲು. ಉಡುಗೊರೆಯಾದರೆ ಹಾಗೆಂದು ಹೇಳಬೇಕಾದವಳು ಅವಳು. ಮದ್ರಸದಲ್ಲಿ ನಾವು ಪಾಠ ಮಾಡುವ ಮೂರು ಅಧ್ಯಾಯಗಳು ಬ್ಯಾಂಕಿನ ಅರ್ಜಿಯ ಒಂದು ಚೌಕದೊಳಗೆ ಬಂದು ಕುಳಿತಿದ್ದವು.

ಅಂದು ಅರ್ಜಿ ತುಂಬದೆ ಮರಳಿದೆವು. ಸಂಜೆ ಅಕ್ಕನ ಮನೆಗೆ ಹೋಗಿ ಮೂರು ದಾರಿಗಳನ್ನೂ ವಿವರಿಸಿದೆವು. ಪಾಲುದಾರಳಾದರೆ ಅಂಗಡಿಯ ಸಾಲಕ್ಕೂ ಕಾನೂನಿನಲ್ಲಿ ಅವಳು ಹೊಣೆಯಾಗುತ್ತಾಳೆ ಎಂಬುದನ್ನೂ ಮರೆಮಾಚಲಿಲ್ಲ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಸ್ತಾದರೇ, ಇದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ನನಗೆ ಪಾಲು ಬೇಕು. ನಷ್ಟವಾದರೆ ನನಗೂ ಆಗಲಿ, ಆದರೆ ಲೆಕ್ಕ ನೋಡುವ ಹಕ್ಕು ಇರಲಿ" ಎಂದಳು. ತಮ್ಮ ತಲೆ ತಗ್ಗಿಸಿದ. ಅವನ ಮನಸ್ಸಿನಲ್ಲಿ ವಂಚನೆ ಇರಲಿಲ್ಲ, ಕೇಳುವ ರೂಢಿ ಇರಲಿಲ್ಲ ಅಷ್ಟೆ. ಲಾಭವೂ ನಷ್ಟವೂ ಮೂರಕ್ಕೆ ಎರಡರ ಅನುಪಾತದಲ್ಲಿ ಎಂದು ನಿರ್ಧಾರವಾಯಿತು.

ಹೀಗಾಗಿ ಬೇಕಾದ ದಾಖಲೆಗಳೂ ಬದಲಾದವು. ಒಬ್ಬನೇ ಮಾಲೀಕನಾಗಿದ್ದರೆ ಅವನ ಗುರುತು, ವಿಳಾಸ ಮತ್ತು ಪ್ಯಾನ್ ಜೊತೆಗೆ ಅಂಗಡಿಯ ಹೆಸರಿನ ಎರಡು ದಾಖಲೆಗಳು ಸಾಕಾಗುತ್ತಿದ್ದವು: ಉದ್ಯಮ್ ನೋಂದಣಿ, ಅಂಗಡಿ ಪರವಾನಗಿ, ಜಿಎಸ್‌ಟಿ ಪ್ರಮಾಣಪತ್ರ, ವಿದ್ಯುತ್ ಬಿಲ್ಲು ಮುಂತಾದವುಗಳಲ್ಲಿ ಯಾವುದಾದರೂ ಎರಡು. ಪಾಲುದಾರಿಕೆಯಾದುದರಿಂದ ಪಾಲುದಾರಿಕೆ ಪತ್ರ, ಅದರ ನೋಂದಣಿ, ಸಂಸ್ಥೆಯದೇ ಪ್ರತ್ಯೇಕ ಪ್ಯಾನ್, ಇಬ್ಬರ ಗುರುತಿನ ದಾಖಲೆ ಬೇಕಾದವು. 1932ರ ಪಾಲುದಾರಿಕೆ ಕಾಯಿದೆಯು ನೋಂದಣಿಯನ್ನು ಕಡ್ಡಾಯ ಮಾಡಿಲ್ಲ. ಆದರೆ ನೋಂದಣಿ ಇಲ್ಲದ ಸಂಸ್ಥೆಯು ತನಗೆ ಬರಬೇಕಾದ ಬಾಕಿಗಾಗಿ ಸಾಮಾನ್ಯವಾಗಿ ನ್ಯಾಯಾಲಯದ ಮೆಟ್ಟಿಲೇರಲಾಗದು. ಆದ್ದರಿಂದ ನೋಂದಣಿ ಮಾಡಿಸುವುದೇ ಜಾಣತನ.

ಬ್ಯಾಂಕಿನ ಆಯ್ಕೆಯಲ್ಲಿ ಮೂರು ಶಾಖೆಗಳನ್ನು ವಿಚಾರಿಸಿದೆವು. ಕೇಳಿದ ಪ್ರಶ್ನೆಗಳು ಇವು. ಖಾತೆಯಲ್ಲಿ ಇರಬೇಕಾದ ಸರಾಸರಿ ಮೊತ್ತ ಎಷ್ಟು, ಅದು ತಿಂಗಳದ್ದೋ ಮೂರು ತಿಂಗಳದ್ದೋ? ಕಡಿಮೆಯಾದರೆ ದಂಡ ಎಷ್ಟು? ತಿಂಗಳಿಗೆ ಎಷ್ಟು ನಗದನ್ನು ಶುಲ್ಕವಿಲ್ಲದೆ ಕಟ್ಟಬಹುದು? ದಿನಸಿ ಅಂಗಡಿಗೆ ಇದು ಬಹುಮುಖ್ಯ. ಚಿಲ್ಲರೆ ನೋಟುಗಳೇ ಅಲ್ಲಿ ಹೆಚ್ಚು. ಚೆಕ್ ಪುಸ್ತಕಕ್ಕೆ, ಹಣ ಬಂದುದನ್ನು ಕೂಗಿ ಹೇಳುವ ಪೆಟ್ಟಿಗೆಗೆ ಬಾಡಿಗೆ ಎಷ್ಟು? ಒಂದು ಕಡೆ ಶಾಖೆ ಹೊಳೆಯುತ್ತಿತ್ತು, ಆದರೆ ಇರಿಸಬೇಕಾದ ಮೊತ್ತ ಅಂಗಡಿಯ ಸರಕಿನ ಹಣವನ್ನೇ ನುಂಗುವಷ್ಟಿತ್ತು. ಕೊನೆಗೆ ಅಂಗಡಿಗೆ ಹತ್ತಿರವಿದ್ದ, ದಂಡ ಕಡಿಮೆಯಿದ್ದ ಸರಕಾರಿ ಬ್ಯಾಂಕೊಂದರ ಶಾಖೆ ಆಯ್ಕೆಯಾಯಿತು.

ಸಹಿ ಹಾಕುವ ಮುನ್ನ ನೋಡಬೇಕಾದ ಎರಡು ಸಂಗತಿಗಳಿವೆ. ಹೆಚ್ಚಿನ ಹಣ ತಾನಾಗಿಯೇ ನಿಶ್ಚಿತ ಠೇವಣಿಗೆ ಹೋಗಿ ಬಡ್ಡಿ ಗಳಿಸುವ ಸೌಲಭ್ಯ ಕೆಲವು ಚಾಲ್ತಿ ಖಾತೆಗಳಲ್ಲಿದೆ. ಖಾತೆ ಬರಿದಾದರೂ ಹಣ ತೆಗೆಯಬಹುದಾದ ಓವರ್‌ಡ್ರಾಫ್ಟನ್ನೂ ಜೊತೆಗೆ ನೀಡಲು ಬರುತ್ತಾರೆ. ಅದು ಬಡ್ಡಿಯ ಸಾಲ. ಎರಡೂ ಬೇಡವೆಂದು ಹೇಳಿದರೆ ಖಾತೆ ಸಿಗದೇ ಹೋಗುವುದಿಲ್ಲ. ಸೇವೆಗೆ ಬ್ಯಾಂಕು ಪಡೆಯುವ ಶುಲ್ಕ ಬೇರೆ, ಸಾಲದ ಮೇಲಿನ ಬಡ್ಡಿ ಬೇರೆ ಎಂಬ ವಿವೇಚನೆ ನಮ್ಮಲ್ಲಿರಬೇಕು.

ಬ್ಯಾಂಕಿನ ಮೆಟ್ಟಿಲೇರಲು ನಮ್ಮವರಲ್ಲಿ ಒಂದು ಹಿಂಜರಿಕೆ ಇದೆ, ಅದು ನಮ್ಮದಲ್ಲದ ಜಾಗವೆಂಬಂತೆ. ಕರಾವಳಿಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1906ರಲ್ಲಿ ಉಡುಪಿಯಲ್ಲಿ ಐದು ಸಾವಿರ ರೂಪಾಯಿ ಬಂಡವಾಳದೊಡನೆ ಆರಂಭವಾಗಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಕಟ್ಟಿದವರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬಡ್ಡಿಯ ಕುರಿತ ಭಿನ್ನಾಭಿಪ್ರಾಯ ಏನೇ ಇರಲಿ, ಊರಿನ ಹಣಕ್ಕೆ ಲೆಕ್ಕವೂ ಭದ್ರತೆಯೂ ಬೇಕೆಂಬ ಕಾಳಜಿ ನಮ್ಮ ಹಿರಿಯರಿಗೆ ಅನ್ಯವಾಗಿರಲಿಲ್ಲ.

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ ಎಷ್ಟೋ ಅಂಗಡಿಗಳ ಮುಂದಿನ ಕ್ಯೂಆರ್ ಫಲಕಗಳು ಕಣ್ಮರೆಯಾದವು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ವಹಿವಾಟು ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು. ಗೆಳೆಯ ಮರಳಿಸಿದ ಕೈಸಾಲ, ತಮ್ಮ ಕಳುಹಿಸಿದ ಮನೆ ಖರ್ಚು, ಅಂಗಡಿಯ ಮಾರಾಟ ಎಲ್ಲವೂ ಒಂದೇ ಖಾತೆಗೆ ಬಿದ್ದಿದ್ದರೆ, ಇದು ವ್ಯಾಪಾರದ್ದಲ್ಲ ಎಂದು ತೋರಿಸುವುದು ಹೇಗೆ? ಫಲಕ ತೆಗೆಯುವುದು ಅದಕ್ಕೆ ಪರಿಹಾರವಲ್ಲ, ಖಾತೆ ಬೇರ್ಪಡಿಸುವುದೇ ಪರಿಹಾರ. ಝಕಾತ್ ಲೆಕ್ಕ ಹಾಕುವಾಗಲೂ ಇದೇ ನೆರವಿಗೆ ಬರುತ್ತದೆ: ವರ್ಷ ತುಂಬಿದ ದಿನ ಅಂಗಡಿಯ ಸರಕಿನ ಬೆಲೆ, ಖಾತೆಯ ಮೊತ್ತ, ಬರಬೇಕಾದ ಬಾಕಿ, ಕೊಡಬೇಕಾದ ಸಾಲ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದರೆ ಊಹೆಯ ಮೇಲೆ ಝಕಾತ್ ಕೊಡಬೇಕಾಗುವುದಿಲ್ಲ.

ಒಬ್ಬನೇ ಮಾಲೀಕನಾಗಿ ಖಾತೆ ತೆರೆಯುವವರು ನಾಮಿನಿಯ ಹೆಸರನ್ನು ತಪ್ಪದೆ ಬರೆಯಲಿ. ಆದರೆ ನಾಮಿನಿ ವಾರೀಸುದಾರನಲ್ಲ, ಹಣವನ್ನು ಪಡೆದು ಹಕ್ಕುದಾರರಿಗೆ ತಲುಪಿಸುವ ಅಮಾನತ್‌ದಾರ ಮಾತ್ರ ಎಂಬುದನ್ನು ಮನೆಯವರಿಗೆ ತಿಳಿಸಿಡಲಿ. ಪಾಲುದಾರಿಕೆ ಖಾತೆಗೆ ಈ ಸೌಲಭ್ಯವಿಲ್ಲ; ಅಲ್ಲಿ ಒಬ್ಬರ ಮರಣಾನಂತರ ಏನಾಗಬೇಕೆಂಬುದನ್ನು ಪಾಲುದಾರಿಕೆ ಪತ್ರದಲ್ಲಿಯೇ ಬರೆದಿರಬೇಕು. ಅಮಾನತ್ತಾಗಿ ಬಂದ ಹಣವನ್ನಂತೂ ಅಂಗಡಿಯ ಖಾತೆಯೊಳಗೆ ಸೇರಿಸಲೇಬಾರದು.

ಅಂಗಡಿ ಇರುವ ಪ್ರತಿಯೊಬ್ಬರೂ ಈ ವಾರ ಒಂದು ಸಂಜೆ ಮನೆಯವರೊಡನೆ ಕುಳಿತು, ತಮ್ಮ ಬಂಡವಾಳದಲ್ಲಿ ಯಾರ ಯಾರ ಹಣವಿದೆ, ಯಾವ ಹೆಸರಿನಲ್ಲಿದೆ ಎಂದು ಬರೆಯಲಿ. ಆ ಹಾಳೆ ಹಿಡಿದು ಬ್ಯಾಂಕಿಗೆ ಹೋಗಲಿ. ನಮ್ಮ ಮರಣದ ಮರುದಿನವೂ ಓದಿ ತಿಳಿಯಬಹುದಾದ ಲೆಕ್ಕವನ್ನು ಬರೆದಿಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.